ಬಿಲ್ಲೇನೋ ಸೊನ್ನೆಯಾಯಿತು, ಅರ್ಥಿಂಗ್ ಎಲ್ಲಿ?

ಯುಗಾದಿ ಇನ್ನೂ ಹದಿನೈದು ದಿನ ಇರುವಾಗಲೇ ಕಲಬುರಗಿಯ ಮನೆಗಳಲ್ಲಿ ಅಟ್ಟದ ಮೇಲಿನ ಕೂಲರ್‌ಗಳು ಕೆಳಗಿಳಿಯುತ್ತವೆ. ದೂಳು ಕೊಡವಿ, ಒಣಹುಲ್ಲಿನ ಪ್ಯಾಡು ಬದಲಿಸಿ, ತೊಟ್ಟಿಗೆ ನೀರು ತುಂಬಿ ಕಿಟಕಿಯ ಪಕ್ಕ ಕೂರಿಸಿದರೆ ಮಳೆ ಬೀಳುವವರೆಗೂ ಅದಕ್ಕೆ ಬಿಡುವಿಲ್ಲ. ಬಿಸಿಲು 42, 43 ಡಿಗ್ರಿ ದಾಟುವ ಊರಿನಲ್ಲಿ ಕೂಲರ್ ಶೋಕಿಯ ವಸ್ತುವಲ್ಲ, ರಾತ್ರಿ ನಿದ್ದೆಯ ಪ್ರಶ್ನೆ. ಆದರೆ ಅದರಷ್ಟು ಅಪಾಯಕಾರಿ ವಸ್ತುವೂ ಆ ಮನೆಯಲ್ಲಿ ಇನ್ನೊಂದಿರುವುದಿಲ್ಲ. ತಗಡಿನ ಮೈ, ಒಳಗೆ ನೀರು, ನೀರಿನಲ್ಲೇ ಮುಳುಗಿದ ಪುಟ್ಟ ಪಂಪು, ಮೇಲೆ ಫ್ಯಾನಿನ ಮೋಟಾರು. ಕೆಳಗೆ ನೀರು ಚೆಲ್ಲಿ ಒದ್ದೆಯಾದ ಶಹಾಬಾದ್ ಫರಸಿ, ಅದರ ಮೇಲೆ ಬರಿಗಾಲು.

‘ಚಪ್ಪಲ್ ಹಾಕ್ಕೊಂಡು ಮುಟ್ಟವ್ವ, ಕೂಲರ್ ಸ್ವಲ್ಪ ಹೊಡಿತದ’ ಎಂಬ ಮಾತು ಇಲ್ಲಿ ಎಷ್ಟೋ ಮನೆಗಳಲ್ಲಿ ಬೇಸಿಗೆಯ ನಿತ್ಯದ ಎಚ್ಚರಿಕೆ. ಫ್ರಿಜ್ಜಿನ ಬಾಗಿಲು ಜುಂ ಎನ್ನುತ್ತದೆ, ವಾಷಿಂಗ್ ಮಷೀನ್ ಚುರ್ ಎನ್ನುತ್ತದೆ. ಮನೆಯವರಿಗೆ ಅದು ಆಯಾ ವಸ್ತುವಿನ ಸ್ವಭಾವ ಎನ್ನಿಸಿಬಿಟ್ಟಿದೆ. ಗ್ಯಾಸ್ ಸಿಲಿಂಡರಿನ ವಾಸನೆ ಬಂದರೆ ಎಲ್ಲರೂ ಹೊರಗೆ ಓಡುತ್ತಾರೆ. ಕೂಲರ್ ಜುಂ ಎಂದರೆ ಚಪ್ಪಲಿ ಹುಡುಕುತ್ತಾರೆ.

ಆ ಜುಂ ಎನ್ನುವುದರ ಅರ್ಥ ಸರಳ. ಒಳಗೆ ಎಲ್ಲೋ ತಂತಿಯ ಪ್ಲಾಸ್ಟಿಕ್ ಹೊದಿಕೆ ಸವೆದು, ಅಥವಾ ಮೋಟಾರಿನ ಸುರುಳಿಗೆ ತೇವ ಹಿಡಿದು, ವಿದ್ಯುತ್ತು ತಗಡಿನ ಮೈಗೆ ಸೋರುತ್ತಿದೆ. ಮೂರು ಪಿನ್ನಿನ ಪ್ಲಗ್ಗಿನ ದಪ್ಪನೆಯ, ಉದ್ದನೆಯ ಪಿನ್ನು ಇರುವುದು ಈ ಹೊತ್ತಿಗೆಂದೇ. ಉಳಿದೆರಡು ಪಿನ್ನುಗಳಿಗಿಂತ ಮೊದಲು ಅದು ಸಾಕೆಟ್ಟಿನೊಳಗೆ ಸೇರುತ್ತದೆ, ಎಲ್ಲಕ್ಕಿಂತ ಕೊನೆಗೆ ಹೊರಬರುತ್ತದೆ. ಯಂತ್ರದ ಲೋಹದ ಮೈಯಿಂದ ಹೊರಟ ಹಸಿರು ತಂತಿ ಆ ಪಿನ್ನಿನ ಮೂಲಕ ಗೋಡೆಯೊಳಗಿನ ಇನ್ನೊಂದು ಹಸಿರು ತಂತಿಗೆ, ಅಲ್ಲಿಂದ ಹಿತ್ತಿಲ ಅರ್ಥಿಂಗ್ ಗುಂಡಿಗೆ ಹೋಗಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಸೋರಿದ ಕರೆಂಟಿಗೆ ದಾರಿಯಾಗುವುದು ಮನುಷ್ಯನ ದೇಹ.

ಕೊಂಡಿ ಒಂದೇ ಕಡೆ ಕಳಚಿದ್ದರೆ ಪುಣ್ಯ. ಅಗ್ಗದ ತಗಡಿನ ಕೂಲರುಗಳು ಎಷ್ಟೋ ಸಲ ಎರಡೆಳೆ ವೈರು, ಎರಡು ಪಿನ್ನಿನ ಪ್ಲಗ್ಗಿನೊಂದಿಗೇ ಮನೆಗೆ ಬರುತ್ತವೆ. ಹಳೆ ಓಣಿಗಳ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಕಾಣುತ್ತವೆ. ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಬಾಡಿಗೆ ಮನೆಯಾದರೆ ಅದನ್ನು ಬಿಚ್ಚಿ ನೋಡುವವರೂ ಇಲ್ಲ. ‘ಅರ್ಥಿಂಗ್ ಅದ ಏನ್ರಿ?’ ಎಂದು ಕೇಳಿ ಮನೆ ಹಿಡಿಯುವ ಬಾಡಿಗೆದಾರ ಸಿಗುವುದು ಅಪರೂಪ. ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಎಂದು ಕೇಳುವವನು ಇದನ್ನೂ ಕೇಳಬಹುದಿತ್ತು.

ಸ್ವಂತ ಮನೆ ಕಟ್ಟಿಸುವವರ ಕಥೆ ಬೇರೆ. ಮಾಡ್ಯುಲರ್ ಸ್ವಿಚ್ಚಿನ ಬಣ್ಣ ಆರಿಸಲು ಗಂಡಹೆಂಡತಿ ಸೂಪರ್ ಮಾರ್ಕೆಟ್ ಪ್ರದೇಶದ ನಾಲ್ಕು ಅಂಗಡಿ ತಿರುಗುತ್ತಾರೆ, ಫಾಲ್ಸ್ ಸೀಲಿಂಗಿನ ದೀಪಕ್ಕೆ ಸಾವಿರಗಟ್ಟಲೆ ಸುರಿಯುತ್ತಾರೆ. ಅರ್ಥಿಂಗ್ ಗುಂಡಿಯ ವಿಷಯ ಬಂದಾಗ ಮಾತ್ರ ಇಡೀ ನಿರ್ಧಾರ ಮೇಸ್ತ್ರಿಯ ಪಾಲಿಗೆ. ಗುಂಡಿ ಮುಚ್ಚಿದ ಮೇಲೆ ಅದರೊಳಗೆ ಏನಿದೆ ಎಂದು ಕಂಡವರಾರು? ಭಾರತೀಯ ಮಾನಕ ಬ್ಯೂರೊದ ಅರ್ಥಿಂಗ್ ಸಂಹಿತೆ ಐಎಸ್ 3043. 1987ರಲ್ಲಿ ಬಂದ ಅದನ್ನು 2018ರಲ್ಲಿ ಪರಿಷ್ಕರಿಸಲಾಗಿದೆ. ಪೈಪು ಹೂಳುವುದಾದರೆ ಕನಿಷ್ಠ ಎರಡೂವರೆ ಮೀಟರ್ ಉದ್ದ ಬೇಕು, ಪ್ಲೇಟು ಹೂಳುವುದಾದರೆ ಅದರ ಮೇಲಂಚು ನೆಲದಿಂದ ಕನಿಷ್ಠ ಒಂದೂವರೆ ಮೀಟರ್ ಕೆಳಗಿರಬೇಕು. ನೆಲ ಇದಕ್ಕೆ ಒಪ್ಪಬೇಕಲ್ಲ! ಕಲಬುರಗಿ ನಿಂತಿರುವುದು ದಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಬಂಡೆಯ ಮೇಲೆ. ಮೇಲೆ ಎರೆಮಣ್ಣು, ಕೆಳಗೆ ಕಲ್ಲು. ಹಾರೆಗೆ ಕಲ್ಲು ಹತ್ತಿತೆಂದರೆ ಅಗೆಯುವುದು ನಿಂತಿತು. ಉಳಿದ ಪೈಪು ಕೊಯ್ದು ಪಕ್ಕಕ್ಕೆ ಬಿತ್ತು.

ಎರೆಮಣ್ಣಿನದು ಇನ್ನೊಂದು ತಕರಾರು. ಮಳೆಗಾಲದಲ್ಲಿ ಅದರಷ್ಟು ಒಳ್ಳೆಯ ಅರ್ಥಿಂಗ್ ನೆಲ ಸಿಗುವುದು ಕಷ್ಟ. ನೀರು ಹಿಡಿದಿಟ್ಟುಕೊಳ್ಳುತ್ತದೆ, ಲವಣವೂ ಇರುತ್ತದೆ, ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಅದೇ ಮಣ್ಣು ಏಪ್ರಿಲ್‌ನಲ್ಲಿ ಕುಗ್ಗಿ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ. ಹೂತ ಪೈಪಿಗೂ ಮಣ್ಣಿಗೂ ನಡುವೆ ಗಾಳಿ ಸೇರಿಕೊಳ್ಳುತ್ತದೆ. ಅಂದರೆ ಕೂಲರ್ ಹಗಲಿರುಳು ಓಡುವ ತಿಂಗಳುಗಳಲ್ಲೇ ಅರ್ಥಿಂಗ್ ಅತ್ಯಂತ ದುರ್ಬಲ. ಹಿರಿಯ ವೈರ್‌ಮನ್‌ಗಳು ಗುಂಡಿಗೆ ಉಪ್ಪು, ಇದ್ದಿಲು ಪದರಪದರವಾಗಿ ತುಂಬಿ, ‘ಬ್ಯಾಸಿಗ್ಯಾಗ ದಿನಾ ಎರಡು ಕೊಡ ನೀರ್ ಹಾಕ್ರಿ’ ಎಂದು ಹೇಳಿ ಹೋಗುತ್ತಿದ್ದುದು ಈ ಕಾರಣಕ್ಕೇ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಬಡಾವಣೆಯಲ್ಲಿ ಗುಂಡಿಗೆ ಕೊಡ ನೀರು ಯಾರು ಹಾಕುತ್ತಾರೆ? ಉಪ್ಪು ನಾಲ್ಕು ಮಳೆಗೆ ಕರಗಿ ಹೋಗುತ್ತದೆ, ಹೋಗುವ ಮೊದಲು ಜಿಐ ಪೈಪನ್ನೂ ತುಕ್ಕು ಹಿಡಿಸಿರುತ್ತದೆ.

ಇಷ್ಟೆಲ್ಲ ಸರಿಮಾಡಿ ಒಳ್ಳೆಯ ಗುಂಡಿ ತೋಡಿದರೆ ಮನೆ ಸುರಕ್ಷಿತವೇ? ನಂಬಿಕೆ ಹಾಗಿದೆ. ಲೆಕ್ಕ ಬೇರೆ ಹೇಳುತ್ತದೆ.

ಮನೆಯ ಗುಂಡಿಯ ರೋಧ 20 ಓಮ್, ಓಣಿಯ ಕೊನೆಯ ಟ್ರಾನ್ಸ್‌ಫಾರ್ಮರಿನ (ಟಿಸಿ) ಗುಂಡಿಯ ರೋಧ 5 ಓಮ್ ಎಂದಿಟ್ಟುಕೊಳ್ಳೋಣ. ಕೂಲರಿನ ಫೇಸ್ ತಂತಿ ಪೂರ್ತಿ ಕಳಚಿ ತಗಡಿಗೆ ತಾಗಿತು. ಕರೆಂಟು ತಗಡಿನಿಂದ ಹಸಿರು ತಂತಿಗೆ, ಗುಂಡಿಗೆ, ಮಣ್ಣಿನ ಮೂಲಕ ಟಿಸಿಯ ಗುಂಡಿಗೆ, ಅಲ್ಲಿಂದ ನ್ಯೂಟ್ರಲ್ಲಿಗೆ ಮರಳಬೇಕು. 230 ವೋಲ್ಟನ್ನು 25ರಿಂದ ಭಾಗಿಸಿದರೆ 9.2 ಆಂಪಿಯರ್. ಸಾಕೆಟ್ಟಿಗೆ ಹಾಕಿರುವುದು 16 ಆಂಪಿಯರಿನ ಎಂಸಿಬಿ, ಲೋಡು ಮೀರಿದರೆ ತಾನೇ ಬಿದ್ದು ಕರೆಂಟು ಕಡಿಯುವ ಸ್ವಿಚ್ಚು. ಅದರ ಪಾಲಿಗೆ ಇದು ಮಾಮೂಲಿ ಲೋಡು. ಬೀಳುವ ಪ್ರಶ್ನೆಯೇ ಇಲ್ಲ. ತಗಡಿನ ಮೇಲೆ ಆಗ ನಿಂತಿರುವ ಒತ್ತಡ 184 ವೋಲ್ಟ್. ಅರ್ಥಿಂಗ್ ಇದೆ, ಎಂಸಿಬಿ ಇದೆ, ಕೂಲರ್ ಓಡುತ್ತಲೂ ಇದೆ, ಮುಟ್ಟಿದವರು ಮಾತ್ರ ಉಳಿಯುವುದಿಲ್ಲ. ಗುಂಡಿಯ ರೋಧವನ್ನು 20ರಿಂದ 5ಕ್ಕೆ ಇಳಿಸಿದರೂ 23 ಆಂಪಿಯರ್ ಹರಿದೀತು. ಆ ಎಂಸಿಬಿ ಕಾದು ಬೀಳಲು ಆಗಲೂ ಹೊತ್ತು ಹಿಡಿಯುತ್ತದೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ.

ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ನಮ್ಮ ಎಲೆಕ್ಟ್ರಿಷಿಯನ್ನರು ಇನ್ನೂ ಹಳೆಯ ಹೆಸರಿನಿಂದ ಇಎಲ್‌ಸಿಬಿ ಎನ್ನುತ್ತಾರೆ. ಫೇಸಿನಲ್ಲಿ ಒಳಹೋದಷ್ಟೇ ಕರೆಂಟು ನ್ಯೂಟ್ರಲ್ಲಿನಲ್ಲಿ ಮರಳಿ ಬಂತೇ ಎಂದು ಅದು ಸದಾ ತೂಗುತ್ತಿರುತ್ತದೆ. ಲೆಕ್ಕದಲ್ಲಿ 30 ಮಿಲಿಆಂಪಿಯರ್ ಕಡಿಮೆ ಬಿತ್ತೆಂದರೆ, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು ಬೇರೆ ದಾರಿಯಲ್ಲಿ ಸೋರಿತೆಂದರೆ, ಸಂಪರ್ಕ ಕಡಿದುಹಾಕುತ್ತದೆ. ಮೇಲಿನ ಉದಾಹರಣೆಯ 9.2 ಆಂಪಿಯರ್ ಸೋರಿಕೆಗೆ ಅದು ಬೀಳಲು ಒಂದು ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗವೂ ಬೇಡ. ಬೇಸಿಗೆಯಲ್ಲಿ ಮಣ್ಣು ಬಿರುಕು ಬಿಟ್ಟು ಗುಂಡಿಯ ರೋಧ ಸಾವಿರ ಓಮಿಗೆ ಏರಿದರೂ ಸುಮಾರು 230 ಮಿಲಿಆಂಪಿಯರ್ ಸೋರುತ್ತದೆ, ಆಗಲೂ ಬೀಳುತ್ತದೆ. ಎರೆಮಣ್ಣಿನ ಊರಿಗೆ ಇದಕ್ಕಿಂತ ಹೇಳಿಮಾಡಿಸಿದ ಸಾಧನ ಇಲ್ಲ.

30 ಎಂಬ ಈ ಅಂಕಿ ಸುಮ್ಮನೆ ಬಂದದ್ದಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಕೈಗೆ ಕರೆಂಟು ಹಾಯಿಸಿ, ಎಷ್ಟಕ್ಕೆ ಹಿಡಿದ ತಂತಿ ಬಿಡಲಾಗುವುದಿಲ್ಲ ಎಂದು ಅಳೆದಿದ್ದರು. ಗಂಡಸರಲ್ಲಿ ಅದು ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ ಹತ್ತೂವರೆ. ಒದ್ದೆ ಮೈಯ ರೋಧ ಸಾವಿರ ಓಮ್ ಎಂದು ಹಿಡಿದರೆ 230 ವೋಲ್ಟಿಗೆ ಹರಿಯುವುದು 230 ಮಿಲಿಆಂಪಿಯರ್. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಉರಿಯಲು ಬೇಕಾದಷ್ಟು ಕರೆಂಟು ಎದೆಯ ಮೂಲಕ ಹಾಯ್ದರೂ ಹೃದಯದ ಲಯ ತಪ್ಪಬಹುದು. ಡಾಲ್ಜಿಯಲ್ 1961ರಲ್ಲಿ ರೂಪಿಸಿದ ಸಾಧನವೇ ಅಮೆರಿಕದ ಇಂದಿನ ಜಿಎಫ್‌ಸಿಐ; ಅಲ್ಲಿ ಅದು ಬೀಳುವುದು ಇನ್ನೂ ಕಡಿಮೆ, ಸುಮಾರು 5 ಮಿಲಿಆಂಪಿಯರಿಗೆ. ಬ್ರಿಟನ್ 2008ರ ವೈರಿಂಗ್ ನಿಯಮಾವಳಿಯಲ್ಲಿ ಮನೆಯ ಸಾಮಾನ್ಯ ಸಾಕೆಟ್ಟುಗಳಿಗೆ 30 ಮಿಲಿಆಂಪಿಯರಿನ ರಕ್ಷಣೆ ಬೇಕೆಂದಿತು.

ಭಾರತವೂ ಹಿಂದೆ ಬಿದ್ದಿಲ್ಲ, ಕಾಗದದ ಮೇಲೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ಮನೆಗಳಿಗೆ 30 ಮಿಲಿಆಂಪಿಯರಿನ ಸೋರಿಕೆ ರಕ್ಷಣಾ ಸಾಧನವನ್ನು ಹೇಳಿದವು; 2023ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದವು. ಆದರೆ ಕಡಿಮೆ ಲೋಡಿನ ಸಣ್ಣ ಸಂಪರ್ಕಗಳು ಈ ಕಡ್ಡಾಯದಿಂದ ಹೊರಗೆ. ಬಡವರ ಮೇಲೆ ಖರ್ಚಿನ ಹೊರೆ ಬೇಡ ಎಂಬ ಸದುದ್ದೇಶ ಇದರ ಹಿಂದೆ ಇದ್ದೀತು. ಫಲ ಮಾತ್ರ ತಲೆಕೆಳಗು. ಮಂಜೂರಾದ ಲೋಡು ಕಡಿಮೆ ಇರುವುದು ಯಾರ ಮನೆಯಲ್ಲಿ? ಭಾಗ್ಯಜ್ಯೋತಿ, ಕುಟೀರಜ್ಯೋತಿ ಯೋಜನೆಗಳಲ್ಲಿ ಬಡವರಿಗೆ ಒಂದೇ ಬಲ್ಬಿಗೆಂದು ಕೊಟ್ಟ ಸಂಪರ್ಕಕ್ಕೆ ಇಂದು ಫ್ಯಾನು, ಟಿವಿ, ಮಿಕ್ಸಿ, ಬಕೆಟ್ಟಿನಲ್ಲಿಡುವ ವಾಟರ್ ಹೀಟರ್ ಕಾಯಿಲು, ಕೂಲರು ಎಲ್ಲವೂ ಜೋತುಬಿದ್ದಿವೆ. ಗೋಡೆ ತಗಡಿನದು, ಸೂರು ತಗಡಿನದು, ಸರ್ವಿಸ್ ವೈರು ಆ ತಗಡಿನ ಅಂಚಿಗೇ ಉಜ್ಜಿಕೊಂಡು ಒಳಬರುತ್ತದೆ, ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯ ಒಂದು ತುದಿ ಅದೇ ಸೂರಿನ ತೊಲೆಗೆ ಬಿಗಿದಿರುತ್ತದೆ. ಅಪಾಯ ಅತಿ ಹೆಚ್ಚಿರುವ ಮನೆಗೆ ನಿಯಮದಿಂದ ವಿನಾಯಿತಿ. ಎರಡು ಎಸಿ ಇರುವ ಬಂಗಲೆಗೆ ಕಡ್ಡಾಯ.

ಮನೆಯಾಚೆ ಹೊಲದಲ್ಲೂ ಇದೇ ಅಪಾಯ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ ಕ್ರಾಸ್ ದಾಟಿದರೆ ಕಮಲಾಪುರ. ಕೆಲವು ವರ್ಷಗಳ ಹಿಂದಷ್ಟೇ ತಾಲ್ಲೂಕಾದ ಊರು. ಅದರ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಬಾಳೆ ಎಂದರೆ ನೀರು, ನೀರು ಎಂದರೆ ಮೋಟಾರು. ತೋಟದ ಮೂಲೆಯಲ್ಲಿ ಒಂದು ತಗಡಿನ ಸ್ಟಾರ್ಟರ್ ಡಬ್ಬಿ, ಅದರ ಎದುರು ಸದಾ ಹಸಿ ಮಣ್ಣು. ಹಸಿ ಮಣ್ಣಿನಲ್ಲಿ ನಿಂತ ರೈತ ಸ್ಟಾರ್ಟರಿನ ಗುಂಡಿ ಒತ್ತಲು ಕೋಲು ಇಟ್ಟುಕೊಂಡಿದ್ದರೆ ಆ ಡಬ್ಬಿಯ ಚರಿತ್ರೆ ಗೊತ್ತೆಂದೇ ಲೆಕ್ಕ. ಇಲ್ಲಿ ಒಂದು ಅನುಕೂಲವೂ ಇದೆ. ಬೋರಿನ ಕಬ್ಬಿಣದ ಕೇಸಿಂಗ್ ಪೈಪು ಆಳದ ತೇವದವರೆಗೆ ಇಳಿದಿರುತ್ತದೆ. ಬೇಸಿಗೆಯಲ್ಲೂ ಒಣಗದ ಅರ್ಥಿಂಗ್ ಅದು. ಸ್ಟಾರ್ಟರಿನ ಡಬ್ಬಿ, ಬೋರಿನ ತಲೆ, ನೀರಿನ ಕಬ್ಬಿಣದ ಪೈಪು, ಅರ್ಥಿಂಗ್ ಸರಳು ಇವಿಷ್ಟನ್ನೂ ದಪ್ಪ ತಂತಿಯಿಂದ ಒಂದಕ್ಕೊಂದು ಬೋಲ್ಟ್ ಹಾಕಿ ಬಿಗಿದರೆ, ಡಬ್ಬಿ ಮುಟ್ಟಿದ ಕೈಗೂ ಪೈಪು ಹಿಡಿದ ಕೈಗೂ ನಡುವೆ ಒತ್ತಡದ ವ್ಯತ್ಯಾಸ ಅಷ್ಟಾಗಿ ಉಳಿಯುವುದಿಲ್ಲ. ಪಿವಿಸಿ ಕೇಸಿಂಗ್ ಇಳಿಸಿದ ಬೋರಿನಲ್ಲಿ ಈ ಅನುಕೂಲವಿಲ್ಲ, ಅಲ್ಲಿ ಬೇರೆ ಸರಳು ಹೂಳಲೇಬೇಕು.

ಹೀಗೆ ಬಿಗಿಯುವುದಕ್ಕೆ ಬಾಂಡಿಂಗ್ ಎನ್ನುತ್ತಾರೆ. ಅರ್ಥಿಂಗ್ ಬಗ್ಗೆ ಅಷ್ಟಿಷ್ಟು ಕೇಳಿದವರೂ ಈ ಹೆಸರು ಕೇಳಿರುವುದಿಲ್ಲ. ಶಾಕ್ ಹೊಡೆಯುವುದು ಎರಡು ಕಡೆಗಳ ನಡುವೆ ವೋಲ್ಟೇಜಿನ ಅಂತರ ಇದ್ದಾಗ. ಬಚ್ಚಲುಮನೆಯಲ್ಲಿ ಗೀಸರಿನ ಮೈ, ನಲ್ಲಿ, ಕಿಟಕಿಯ ಸರಳು, ಸ್ಟೀಲ್ ಹಿಡಿಕೆ ಎಲ್ಲವೂ ಒದ್ದೆ ಕೈಗೆ ಒಟ್ಟಿಗೆ ಸಿಗುವ ಲೋಹಗಳು. ಇವುಗಳನ್ನು ತಂತಿಯಿಂದ ಒಂದುಗೂಡಿಸಿ ಅರ್ಥಿಂಗಿಗೆ ಸೇರಿಸಿದರೆ, ಒಂದಕ್ಕೆ ಕರೆಂಟು ಬಂದರೂ ಎಲ್ಲವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ. ಆರ್‌ಸಿಸಿಬಿ ಬೀಳುವ ಆ ಅರೆಗಳಿಗೆಯಲ್ಲಿ ಜೀವಕ್ಕೆ ಅದೇ ರಕ್ಷೆ.

ಹಳೆಯ ಕಾಲದಲ್ಲಿ ಅರ್ಥಿಂಗಿಗೆ ಒಂದು ಅಡ್ಡದಾರಿ ಇತ್ತು. ಬ್ರಹ್ಮಪುರ, ಶಹಾಬಜಾರಿನಂಥ ಹಳೆ ಭಾಗದ ಮನೆಗಳಲ್ಲಿ ಅರ್ಥಿಂಗ್ ತಂತಿಯನ್ನು ನಲ್ಲಿಯ ಜಿಐ ಪೈಪಿಗೆ ಸುತ್ತಿಬಿಟ್ಟರೆ ಕೆಲಸ ಮುಗಿಯುತ್ತಿತ್ತು. ಊರ ತುಂಬ ನೆಲದಡಿ ಹರಡಿದ ಕಬ್ಬಿಣದ ಪೈಪಿಗಿಂತ ದೊಡ್ಡ ಅರ್ಥಿಂಗ್ ಯಾವುದಿದ್ದೀತು? ಈಗ ಪೈಪುಗಳು ಪ್ಲಾಸ್ಟಿಕ್ಕಿಗೆ ಬದಲಾಗುತ್ತಿವೆ. ರಸ್ತೆ ಅಗೆದು ಹೊಸ ಲೈನು ಎಳೆದ ದಿನ ಆ ಮನೆಯ ಅರ್ಥಿಂಗ್ ಯಾರಿಗೂ ಗೊತ್ತಾಗದಂತೆ ಸತ್ತಿರುತ್ತದೆ. ಇನ್ನೂ ಕೆಟ್ಟದ್ದು, ಮನೆಯೊಳಗೆ ಉಳಿದ ತುಂಡು ಕಬ್ಬಿಣದ ಪೈಪು ಫ್ರಿಜ್ಜಿನ ಸೋರಿಕೆಯನ್ನು ನೇರವಾಗಿ ಬಚ್ಚಲಿನ ನಲ್ಲಿಗೆ ತಂದುಕೊಡುತ್ತದೆ. ಹಿಂದಿನ ಅನುಕೂಲವೇ ಇಂದಿನ ಅಪಾಯವಾದ ಬಗೆ ಇದು. ಪೈಪು ಬದಲಿಸುವ ಗುತ್ತಿಗೆದಾರನಿಗೆ ಆ ಸುತ್ತಿದ ತಂತಿಯ ಅರ್ಥ ಗೊತ್ತಿರಬೇಕೆಂದು ಯಾವ ಟೆಂಡರಿನ ಷರತ್ತಿನಲ್ಲಾದರೂ ಸೇರಿಸಿದರೆ ತಪ್ಪೇನಿಲ್ಲ.

ಇದಕ್ಕಿಂತ ಭಯಂಕರವಾದ ಇನ್ನೊಂದು ಕೈಚಳಕವಿದೆ. ಸಾಕೆಟ್ಟಿನ ಹಿಂದೆ ಅರ್ಥಿಂಗ್ ತಂತಿ ಇಲ್ಲದಿದ್ದಾಗ ನ್ಯೂಟ್ರಲ್ಲಿನಿಂದಲೇ ಒಂದು ತುಂಡು ವೈರು ಎಳೆದು ಮೇಲಿನ ತೂತಿಗೆ ಸೇರಿಸುವುದು. ಟೆಸ್ಟ್ ಲ್ಯಾಂಪು ಹಾಕಿ ತೋರಿಸಿದರೆ ಬಲ್ಬು ಪಕ್ಕಾ ಉರಿಯುತ್ತದೆ, ಸ್ಟೆಬಿಲೈಜರಿನ ಅರ್ಥಿಂಗ್ ದೀಪವೂ ಸರಿ ಎನ್ನುತ್ತದೆ, ಮಾಲೀಕ ದುಡ್ಡು ಎಣಿಸುತ್ತಾನೆ. ಮುಂದೆ ಎಂದೋ ಒಂದು ಗಾಳಿಮಳೆಗೆ ಕಂಬದ ಮೇಲೆ ನ್ಯೂಟ್ರಲ್ ಕಟ್ಟಾಗುತ್ತದೆ. ಮನೆಯ ಯಾವುದೋ ಬಲ್ಬಿನ ಮೂಲಕ ಹಾಯ್ದ ಫೇಸು ಅದೇ ತುಂಡು ವೈರಿನಿಂದ ಫ್ರಿಜ್, ವಾಷಿಂಗ್ ಮಷೀನ್, ಗೀಸರ್ ಎಲ್ಲದರ ಲೋಹದ ಮೈಗೆ 230 ವೋಲ್ಟನ್ನು ಹಂಚುತ್ತದೆ. ಯಂತ್ರಗಳಲ್ಲಿ ಯಾವ ದೋಷವೂ ಇರುವುದಿಲ್ಲ.

ಟೆಸ್ಟ್ ಲ್ಯಾಂಪಿನ ಮಾತು ಬಂತು, ಅದರ ಗುಟ್ಟನ್ನೂ ಹೇಳಬೇಕು. ಫೇಸಿಗೂ ಅರ್ಥಿಂಗಿಗೂ ನಡುವೆ ನೂರು ವ್ಯಾಟಿನ ಬಲ್ಬು ಉರಿಸಿ ‘ನೋಡ್ರಿ, ಫಸ್ಟ್ ಕ್ಲಾಸ್ ಅರ್ಥಿಂಗ್’ ಎನ್ನುವುದು ಇಡೀ ನಾಡಿನ ವಾಡಿಕೆ. ಆ ಬಲ್ಬಿನ ಸ್ವಂತ ರೋಧವೇ 529 ಓಮ್. ಗುಂಡಿಯ ರೋಧ 30 ಓಮ್ ಇದ್ದರೂ ಬಲ್ಬಿಗೆ ಸುಮಾರು 218 ವೋಲ್ಟ್ ಸಿಗುತ್ತದೆ. ಬೆಳಕಿನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣದು. ಎಲ್‌ಇಡಿ ಬಲ್ಬಾದರೆ ಅದಕ್ಕಿಂತಲೂ ಹಾಳು ಗುಂಡಿಗೂ ಹೊಳೆಯುತ್ತದೆ. ಗುಂಡಿಯನ್ನು ಅಳೆಯಲು ಅರ್ಥ್ ಟೆಸ್ಟರ್ ಎಂಬ ಉಪಕರಣವೇ ಇದೆ. ಅದು ಇರುವ ಎಲೆಕ್ಟ್ರಿಷಿಯನ್ ಓಣಿಗೊಬ್ಬ ಬೇಡ, ವಾರ್ಡಿಗೊಬ್ಬ ಸಿಕ್ಕರೂ ಸಾಕು.

ಆರ್‌ಸಿಸಿಬಿ ಹಾಕಿಸಿದವರ ಮನೆಗಳಲ್ಲೂ ಒಂದು ವಿಚಿತ್ರ ನಡೆಯುತ್ತದೆ. ಹಾಕಿದ ವಾರದಲ್ಲೇ ‘ಇದು ಸುಮ್‌ಸುಮ್ನೆ ಬೀಳ್ತದ್ರಿ’ ಎಂಬ ದೂರು. ಮುಂದಿನ ವಾರ ಅದನ್ನು ಬಿಟ್ಟು ನೇರ ವೈರು. ಅದು ಸುಮ್ಮನೆ ಬೀಳುವುದಿಲ್ಲ. ಎಲ್ಲೋ ಗೀಸರಿನ ಕಾಯಿಲು ಸೀಳಿರುತ್ತದೆ, ಅಥವಾ ಇನ್ವರ್ಟರಿನ ನ್ಯೂಟ್ರಲ್ಲನ್ನೂ ಮೇನ್ ನ್ಯೂಟ್ರಲ್ಲನ್ನೂ ಬೆರೆಸಿರುತ್ತಾರೆ, ಅಥವಾ ಒಂದು ಕೋಣೆಯ ನ್ಯೂಟ್ರಲ್ ಇನ್ನೊಂದು ಸರ್ಕ್ಯೂಟಿನಿಂದ ಎರವಲು ಪಡೆದದ್ದಾಗಿರುತ್ತದೆ. ತಪ್ಪು ವೈರಿಂಗನ್ನು ಅದು ತೋರಿಸಿಕೊಟ್ಟಿತೆಂಬ ಕಾರಣಕ್ಕೇ ಅದನ್ನು ಮನೆಯಿಂದ ಹೊರಹಾಕಲಾಗುತ್ತದೆ. ಅದಕ್ಕೂ ಮಿತಿಗಳಿವೆ ಎನ್ನುವುದು ನಿಜ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು, ನೆಲಕ್ಕೆ ಏನೂ ಸೋರದಿದ್ದರೆ ಅದಕ್ಕೆ ಮನುಷ್ಯನೂ ಬಲ್ಬೂ ಒಂದೇ. ಒಳಗಿನ ಭಾಗಗಳು ದೂಳು ತಿಂದು ಅಂಟಿಕೊಳ್ಳುವುದೂ ಉಂಟು. ಅದಕ್ಕೆಂದೇ ಮುಖದ ಮೇಲೆ ‘ಟಿ’ ಎಂಬ ಪುಟ್ಟ ಗುಂಡಿ ಇಟ್ಟಿದ್ದಾರೆ. ಆಗಾಗ ಒತ್ತಿ ನೋಡಬೇಕು, ಒತ್ತಿದಾಗ ಬೀಳಬೇಕು. ಹತ್ತು ವರ್ಷ ಆ ಗುಂಡಿ ಮುಟ್ಟದ ಮನೆಗಳೇ ಹೆಚ್ಚು.

ವಿದ್ಯುತ್ ಸಾವು ಎಂದರೆ ಕರ್ನಾಟಕಕ್ಕೆ ನೆನಪಾಗುವುದು ಬೀದಿಯ ಸಾವುಗಳು. 2019ರ ಆಗಸ್ಟ್ 18ರಂದು ಕೊಪ್ಪಳದ ಹಾಸ್ಟೆಲ್ಲೊಂದರಲ್ಲಿ ಸ್ವಾತಂತ್ರ್ಯೋತ್ಸವದ ಧ್ವಜಸ್ತಂಭ ತೆಗೆಯುತ್ತಿದ್ದ ಐವರು ವಿದ್ಯಾರ್ಥಿಗಳು ತಂತಿ ತಗುಲಿ ಸತ್ತರು. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಫುಟ್‌ಪಾತಿನ ಮೇಲೆ ಕಡಿದು ಬಿದ್ದ ತಂತಿಗೆ ತಾಯಿ ಮತ್ತು ಹಸುಳೆ ಬಲಿಯಾದರು. ಆಗೆಲ್ಲ ಕೋಪ ಬಂತು, ಅಧಿಕಾರಿಗಳ ಅಮಾನತಾಯಿತು, ಪರಿಹಾರ ಘೋಷಣೆಯಾಯಿತು. ಬರಬೇಕಾದದ್ದೇ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕದಲ್ಲಿ ದೇಶದಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಸ್ಪರ್ಶದಿಂದ ಸಾಯುತ್ತಿದ್ದಾರೆ. ಬಟ್ಟೆ ಒಣಹಾಕಲು ಹೋದ ಹೆಂಗಸು, ಮೋಟಾರು ಚಾಲೂ ಮಾಡಲು ಹೋದ ಹುಡುಗ, ಇವರದು ಒಳಪುಟದ ಎರಡಿಂಚಿನ ಸುದ್ದಿ. ಮೀಟರಿನವರೆಗೆ ಕಂಪನಿಯ ಹೊಣೆ, ಮೀಟರಿನಿಂದ ಒಳಗೆ ಮನೆಯವರ ಹೊಣೆ ಎಂಬ ಗೆರೆ ಇರುವುದರಿಂದ ಈ ಸಾವಿಗೆ ಅಮಾನತಾಗುವವರೂ ಇಲ್ಲ.

ಆ ಗೆರೆಯನ್ನು ಸರ್ಕಾರ ಒಮ್ಮೆ ದಾಟಿದೆ, ಅದೂ ಇದೇ ಊರಿನಲ್ಲಿ ನಿಂತು. 2023ರ ಆಗಸ್ಟ್ 5ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಗೃಹಜ್ಯೋತಿ ಯೋಜನೆಗೆ ಚಾಲನೆ ಕೊಟ್ಟದ್ದು ಕಲಬುರಗಿಯಲ್ಲಿ. ಯೋಜನೆ ಶುರುವಾದಾಗಿನ ಲೆಕ್ಕದಂತೆ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ವರ್ಷದ ಸರಾಸರಿಗೆ ಶೇ 10 ಸೇರಿಸಿದಷ್ಟು ವಿದ್ಯುತ್ ಉಚಿತವಾಗಿತ್ತು. ಬಡವರ ಮನೆಯಲ್ಲಿ ಫ್ಯಾನು ಹಾಕಲು ಹಿಂಜರಿಯುತ್ತಿದ್ದ ಕೈ ಈಗ ಹಿಂಜರಿಯುವುದಿಲ್ಲ; ಯೋಜನೆಯ ದೊಡ್ಡ ಗುಣ ಅದು. ಆದರೆ ಸೊನ್ನೆ ಬಿಲ್ಲು ಒಂದು ಹಳೆಯ ಎಚ್ಚರಿಕೆಯನ್ನೂ ಅಳಿಸಿತು. ಅರ್ಧ ಆಂಪಿಯರ್ ಸೋರಿಕೆ ಎಡೆಬಿಡದೆ ಇದ್ದರೆ ತಿಂಗಳಿಗೆ ಸುಮಾರು 80 ಯೂನಿಟ್. ಹಿಂದೆ ಬಿಲ್ಲು ಏರಿತೆಂದು ಯಾರಾದರೂ ಎಲೆಕ್ಟ್ರಿಷಿಯನ್ನನನ್ನು ಕರೆಸುತ್ತಿದ್ದರು. ಈಗ ಆ ಸೋರಿಕೆ ಸರಾಸರಿಯೊಳಗೇ ಸೇರಿ ಮರೆಯಾಗಿರಬಹುದು.

ಸಾಧಾರಣ ಕಂಪನಿಯ ಎರಡು ಪೋಲಿನ 30 ಮಿಲಿಆಂಪಿಯರ್ ಆರ್‌ಸಿಸಿಬಿಗೆ ಅಂಗಡಿಯಲ್ಲಿ ಎರಡು ಸಾವಿರ ರೂಪಾಯಿ ಆಸುಪಾಸು. ಲಕ್ಷಗಟ್ಟಲೆ ಒಟ್ಟಿಗೆ ಕೊಂಡರೆ ಬೆಲೆ ಇಳಿಯುತ್ತದೆ. ಎಲ್‌ಇಡಿ ಬಲ್ಬಿನ ವಿಷಯದಲ್ಲಿ ಇದನ್ನು ಎಲ್ಲರೂ ನೋಡಿದ್ದಾರೆ. ‘ಹೊಸ ಬೆಳಕು’ ಯೋಜನೆಯಲ್ಲಿ ವಿದ್ಯುತ್ ಕಂಪನಿಗಳ ಕಚೇರಿಯ ಎದುರೇ ಕೌಂಟರ್ ಹಾಕಿ ಕಡಿಮೆ ದರಕ್ಕೆ ಬಲ್ಬು ಹಂಚಲಾಗಿತ್ತು. ವಿದ್ಯುತ್ ಉಳಿಸಲು ಮನೆಯೊಳಗೆ ಕೈ ಹಾಕಬಹುದಾದರೆ ಜೀವ ಉಳಿಸಲೂ ಹಾಕಬಹುದು. ಸಣ್ಣ ಲೋಡಿನ ಪ್ರತಿ ಸಂಪರ್ಕಕ್ಕೂ ಮೀಟರ್ ಬೋರ್ಡಿನಲ್ಲೇ ಒಂದು ಆರ್‌ಸಿಸಿಬಿ, ಖರ್ಚು ಸರ್ಕಾರದ್ದು ಎಂದು ಮುಂದಿನ ಬಜೆಟ್ಟಿನಲ್ಲಿ ಬರೆದರೆ ಗೃಹಜ್ಯೋತಿಯ ಮೊತ್ತದ ಎದುರು ಅದು ಚಿಲ್ಲರೆ.

ಡಬ್ಬಿ ಹಂಚಿ ಕೈತೊಳೆದುಕೊಂಡರೆ ಮಾತ್ರ ಯೋಜನೆ ಹಾಳು. ಹಳೆ ವೈರಿಂಗಿನ ಮನೆಗಳಲ್ಲಿ ಅದು ಮೊದಲ ದಿನವೇ ಬೀಳುತ್ತದೆ. ಎರಡನೇ ದಿನ ಯಾರೋ ಬೈಪಾಸ್ ಮಾಡುತ್ತಾರೆ. ಡಬ್ಬಿಯ ಜೊತೆ ದೋಷ ಹುಡುಕಬಲ್ಲ ಪರ್ಮಿಟ್ ಇರುವ ವೈರ್‌ಮನ್ ಒಬ್ಬ, ಒಂದು ಅರ್ಥ್ ಟೆಸ್ಟರ್, ವೈರಿನ ಹೊದಿಕೆ ಪರೀಕ್ಷಿಸುವ ಒಂದು ಮೆಗ್ಗರ್ ಹೋಗಬೇಕು. ಅರ್ಥಿಂಗ್ ಇಲ್ಲದ ಮನೆಗೆ ಒಂದು ಸರಳು ಹೂತು ಬರಬೇಕು. ಇದಕ್ಕೆ ಬೇಕಾದ ಕೈಗಳು ಕಲಬುರಗಿಯಲ್ಲಿವೆ: ಐಟಿಐಗಳಿಂದ ವರ್ಷವರ್ಷ ಹೊರಬೀಳುವ ಎಲೆಕ್ಟ್ರಿಷಿಯನ್ ಹುಡುಗರಿದ್ದಾರೆ, 1958ರಿಂದ ನಡೆಯುತ್ತಿರುವ ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ. ಒಂದು ವಾರ್ಡಿನ ಎಲ್ಲ ಮನೆಗಳ ಅರ್ಥಿಂಗನ್ನು ಒಮ್ಮೆ ಶ್ರಾವಣದಲ್ಲಿ, ಇನ್ನೊಮ್ಮೆ ಏಪ್ರಿಲ್‌ನಲ್ಲಿ ಅಳೆದು ಪಟ್ಟಿ ಮಾಡುವುದು ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟು. ಎರೆಮಣ್ಣು ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ ಅಂದಾಜಿನ ಬದಲು ಆಗ ಅಂಕಿ ಸಿಕ್ಕೀತು.

ನಿಗಾ ಇಡುವ ವ್ಯವಸ್ಥೆಯೂ ಹೊಸದಾಗಿ ಕಟ್ಟಬೇಕಿಲ್ಲ. ಬಿಲ್ಲು ಸೊನ್ನೆಯಾದರೂ ಮೀಟರ್ ಓದುವವರು ತಿಂಗಳಿಗೊಮ್ಮೆ ಬಾಗಿಲಿಗೆ ಬಂದೇ ಬರುತ್ತಾರೆ; ಹಳ್ಳಿಗಳಲ್ಲಿ ಗ್ರಾಮ ವಿದ್ಯುತ್ ಪ್ರತಿನಿಧಿಗಳಿದ್ದಾರೆ. ‘ಟಿ ಗುಂಡಿ ಒತ್ರಿ ಅಕ್ಕ, ಬೀಳ್ತದೇನು ನೋಡಮು’ ಎಂದು ಕೇಳಿ, ಬಿದ್ದಿತೋ ಇಲ್ಲವೋ ಎಂದು ಕೈಯಲ್ಲಿರುವ ಯಂತ್ರದಲ್ಲಿ ಒಂದು ಗುರುತು ಹಾಕಲು ಅರ್ಧ ನಿಮಿಷ ಸಾಕು. ಬೀಳದ ಮನೆಗಳ ಪಟ್ಟಿ ಆ ಸಂಜೆಯೇ ಸೆಕ್ಷನ್ ಆಫೀಸಿನ ಮೇಜಿಗೆ ಹೋಗಬೇಕು. ಪ್ರಯೋಗಕ್ಕೆ ಇಲ್ಲಿನ ವಿದ್ಯುತ್ ಕಂಪನಿ ಜೆಸ್ಕಾಂ ತನ್ನ ಏಳು ಜಿಲ್ಲೆಗಳನ್ನೂ ಒಟ್ಟಿಗೆ ಹಿಡಿಯಬೇಕಿಲ್ಲ. ನಗರದಲ್ಲಿ ತಗಡಿನ ಸೂರುಗಳು ಹೆಚ್ಚಿರುವ ಒಂದು ವಾರ್ಡು, ಕಮಲಾಪುರ ತಾಲ್ಲೂಕಿನಲ್ಲಿ ಪಂಪ್‌ಸೆಟ್ ಹೆಚ್ಚಿರುವ ಒಂದು ಗ್ರಾಮ ಪಂಚಾಯಿತಿ, ಇವೆರಡನ್ನು ಹಿಡಿದು, ಮಳೆಗಾಲ ಮುಗಿದು ನೆಲ ಇನ್ನೂ ಮೆತ್ತಗಿರುವಾಗ ಸರಳು ಹೂಳುವ ಕೆಲಸ ಶುರು ಮಾಡಿದರೆ ಹಾರೆಗೂ ಸುಲಭ.